“ಏನಿಲ್ಲ ಬಿಡಿ!”

“ಸೊಪ್ಪು ತನ್ನಿ” ಅಂದರೆ ನಮ್ಮನೆಯವರು ಉಪ್ಪು ತಂದರು. ಡಬ್ಬಿ ತುಂಬ ಉಪ್ಪಿತ್ತು, ಸಾರಿಗೆ ಸೊಪ್ಪಿರಲಿಲ್ಲ. “ನನ್ನ ಮಾತಿಗೆ ಈ ಮನೇಲಿ ಬೆಲೆಯೇ ಇಲ್ಲ” ಅಂತ ನಾನು ಸಿಡುಕಿದೆ. “ಬಾಯೊಳಗೇ ಗೊಣಗಿದರೆ ಯಾರಿಗೆ ಕೇಳ್ಸುತ್ತೆ?” ಅಂತ ಅವರು ರೇಗಿದರು.

ಹೀಗೇ ಎರಡು ವರ್ಷ ಕಳೆಯಿತು, ಗೆಳತಿಯರೇ. ಅಕ್ಕಿ ಗಿರಣಿಯ ಸದ್ದಿನಲ್ಲಿ 25 ವರ್ಷ ದುಡಿದ ಕಿವಿ ಅದು ಅನ್ನೋದು ನನಗೆ ಹೊಳೆಯಲೇ ಇಲ್ಲ. ಟೀವಿಯ ಸದ್ದು ಏರಿತು. ಮದುವೆ ಮನೆಗಳಿಗೆ ಹೋಗೋದನ್ನ ಅವರು ಬಿಟ್ಟರು. ಮಗಳ ಫೋನು ಬಂದರೆ “ಅಮ್ಮನಿಗೆ ಕೊಡ್ತೀನಿ” ಅನ್ನೋರು. ನಾನು ಅದನ್ನೆಲ್ಲ ಅಸಡ್ಡೆ ಅಂದುಕೊಂಡೆ.

ಕೊನೆಗೆ ಮಗಳ ಬಲವಂತಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಪರೀಕ್ಷೆ ಮಾಡಿದವರು ಬಿಡಿಸಿ ಹೇಳಿದರು: ವಯಸ್ಸಿನಿಂದಾಗಲಿ ಸದ್ದಿನಿಂದಾಗಲಿ ಕಿವಿ ಮಂದವಾದಾಗ ಸಾಮಾನ್ಯವಾಗಿ ಮೊದಲು ಹೋಗೋದು ಸಣ್ಣ, ಕೀರಲು ಸದ್ದು. ಅ, ಉ, ಒ ಕೇಳಿಸುತ್ತೆ. ಸ, ಶ, ತ ಜಾರಿಹೋಗುತ್ತೆ. ದನಿ ಕೇಳುತ್ತೆ, ಮಾತು ತಿಳಿಯೊಲ್ಲ. ಅದರಲ್ಲೂ ಹೆಂಗಸರ, ಮಕ್ಕಳ ದನಿ ಇನ್ನೂ ಕಷ್ಟ. ಸೊಪ್ಪು ಉಪ್ಪಾದದ್ದು ಹೀಗೆ!

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಪ್ಪು ನನಗೆ ಕಂಡಿತು. ಅವರು ಮೂರನೇ ಸಲ “ಏನು?” ಅಂದಾಗಲೆಲ್ಲ ನಾನು “ಏನಿಲ್ಲ ಬಿಡಿ” ಅಂದಿದ್ದೆ. ದುಡ್ಡಿನ ಮಾತು, ಔಷಧಿ ಮಾತು ಹೇಗೋ ಕೂಗಿ ಹೇಳ್ತಿದ್ದೆ. ಮಲ್ಲಿಗೆ ಬಳ್ಳಿ ಮೊಗ್ಗು ಬಿಟ್ಟಿದ್ದು, ಪಕ್ಕದ ಮನೆ ಮಗು ಹೆಜ್ಜೆ ಇಟ್ಟಿದ್ದು, ಇವನ್ನೆಲ್ಲ ಯಾರು ಕೂಗಿ ಹೇಳ್ತಾರೆ? ಹೇಳೋದನ್ನೇ ಬಿಟ್ಟಿದ್ದೆ. ಒಂದೇ ಸೂರಿನಡಿ ಇಬ್ಬರೂ ಒಂಟಿಯಾಗಿದ್ದೆವು.

ನಿಮ್ಮನೇಲೂ ಹೀಗಿದ್ದರೆ ಅಡಿಗೆಮನೆಯಿಂದ ಕೂಗಬೇಡಿ. ಮಿಕ್ಸಿ, ಟೀವಿ ನಿಲ್ಲಿಸಿ, ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವ ಹಾಗೆ ನಿಂತು ಮಾತಾಡಿ. ಕಿರುಚಿದರೆ ಮಾತು ಇನ್ನೂ ಕಲಸಿಹೋಗುತ್ತೆ. ತಿಳಿಯದಿದ್ದರೆ ಬೇರೆ ಪದದಲ್ಲಿ ಹೇಳಿ. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಕಿವಿಗೆ ಬಿಡಬೇಡಿ. ಬರೀ ಗುಗ್ಗೆಯೋ ಬೇರೇನೋ, ವೈದ್ಯರೇ ನೋಡಲಿ. ಇದ್ದಕ್ಕಿದ್ದ ಹಾಗೆ ಕಿವಿ ಕೇಳಿಸದಾದರಂತೂ ತಡಮಾಡದೆ ಅಂದೇ ತೋರಿಸಿ.

ಶ್ರವಣ ಸಾಧನ ಹಾಕಿದ ದಿನವೇ ಎಲ್ಲ ಸರಿಹೋಗೊಲ್ಲ, ಹೊಂದಿಕೊಳ್ಳೋಕೆ ವಾರಗಟ್ಟಲೆ ಬೇಕು. ಮೊದಮೊದಲು ಒಗ್ಗರಣೆ ಸಿಡಿದರೂ ಇವರು ಬೆಚ್ಚೋರು. ಎರಡು ಸಲ ಬಿಚ್ಚಿ ಡಬ್ಬಿಯಲ್ಲಿಟ್ಟರು. ಗದ್ದಲದಲ್ಲಿ ಈಗಲೂ ಕಷ್ಟವೇ.

ಆದರೆ ಮೊನ್ನೆ ಬೀದಿಯಲ್ಲಿ ಸೊಪ್ಪಿನವಳು ಕೂಗಿದಾಗ, “ದಂಟು ಬಂದಿದೆಯಂತೆ, ತಗೊಳ್ಳಲಾ?” ಅಂತ ಅವರೇ ಕೇಳಿದರು. ಸೊಪ್ಪು ಬಿಡಿಸುತ್ತಾ ಅವರ ಎದುರಿಗೇ ಕೂತು, ಮಲ್ಲಿಗೆ ಮೊಗ್ಗಿನ ವಿಷಯ ಹೇಳಿದೆ.