ಮನೆವಾರ್ತೆ: ಗಾಜಿನ ಎಳೆಗೆ ಸಹಿ ಹಾಕುವ ಮುನ್ನ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ – ಪಾಂಡವಪುರ ಉಪವಿಭಾಗಕ್ಕೆ ಸೇರಿದ ಈ ನಾಲ್ಕು ತಾಲ್ಲೂಕುಗಳ ಬಂಧುಗಳಿಂದ ಇತ್ತೀಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: “ನಮ್ಮೂರಿಗೂ ಫೈಬರ್ ಬಂದಿದೆಯಂತೆ, ಹಾಕಿಸಬಹುದೇ?” ಬೆಳಗಿನ ಪತ್ರಿಕೆಯೊಳಗೆ ಬಣ್ಣದ ಕರಪತ್ರ ಬರುತ್ತದೆ. ಬೆಂಗಳೂರಿನಲ್ಲಿರುವ ಮಗ ದೂರವಾಣಿಯಲ್ಲಿ “ಹಾಕಿಸಿಬಿಡಿ ಅಪ್ಪಾಜಿ, ಹಬ್ಬಕ್ಕೆ ಬಂದಾಗ ಅಲ್ಲಿಂದಲೇ ಕೆಲಸ ಮಾಡುತ್ತೇನೆ” ಎನ್ನುತ್ತಾನೆ. ಮೊಮ್ಮಕ್ಕಳ ಪಾಠ, ಮಠದ ಕಾರ್ಯಕ್ರಮದ ನೇರಪ್ರಸಾರ, ಪಹಣಿ, ಪಿಂಚಣಿ ಎಲ್ಲವೂ ಅಂತರಜಾಲದ ಮೂಲಕವೇ ಆಗಬೇಕಾಗಿರುವ ಈ ಕಾಲದಲ್ಲಿ ಹಾಕಿಸಬೇಕೇ ಬೇಡವೇ ಎಂಬುದು ದೊಡ್ಡ ಪ್ರಶ್ನೆಯಲ್ಲ. ಯಾರಿಂದ, ಯಾವ ಕರಾರಿನ ಮೇಲೆ ಎಂಬುದೇ ಪ್ರಶ್ನೆ. ಕರಪತ್ರದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ವೇಗವನ್ನು ನೋಡುವ ಮೊದಲು, ಎಳೆ ತುಂಡಾದ ದಿನ ಸರಿಪಡಿಸಲು ಯಾರು ಬರುತ್ತಾರೆ ಎಂಬುದನ್ನು ವಿಚಾರಿಸಬೇಕೆಂಬುದು ಈ ಅಂಕಣದ ಖಚಿತ ಅಭಿಪ್ರಾಯ.

ನಮ್ಮ ಜಿಲ್ಲೆಗೆ ಕಾಯುವುದು ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರೈವತ್ತು ಕಿಲೋಮೀಟರಿಗೆ ಸಮೀಪದ ದೂರ ಸಾಗಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ನಮ್ಮ ಹಳ್ಳಿಗಳ ಮನೆಗಳಲ್ಲಿ ದೀಪ ಉರಿಯಲು ದಶಕಗಳೇ ಬೇಕಾದವು. ಅಂತರಜಾಲದ ಕಥೆಯೂ ಬಹುಮಟ್ಟಿಗೆ ಹೀಗೆಯೇ. 1995ರ ಆಗಸ್ಟ್ 15ರಂದು ದೇಶದ ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆಯಿತು. ಗ್ರಾಮ ಪಂಚಾಯಿತಿಗಳವರೆಗೆ ದ್ಯುತಿತಂತುವನ್ನು, ಅಂದರೆ ಜನ ಫೈಬರ್ ಎಂದು ಕರೆಯುವ ಎಳೆಯನ್ನು, ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ್ದು 2011ರಲ್ಲಿ. ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದದ್ದು 2015ರಲ್ಲಿ. ಮೊದಲ ಹಂತದಲ್ಲಿ ಎಳೆಯನ್ನು ಪಂಚಾಯಿತಿಯಿಂದ ಪಂಚಾಯಿತಿಗೆ ನೇರ ಸಾಲಿನಂತೆ ಎಳೆಯಲಾಗಿತ್ತು. ನಡುವೆ ಒಂದೆಡೆ ಕಡಿದರೆ ಮುಂದಿನವರೆಲ್ಲರೂ ಕತ್ತಲಲ್ಲಿ. ಈ ದೋಷವನ್ನು ಮನಗಂಡು 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯಲ್ಲಿ ಬಳೆಯಾಕಾರದ ಜಾಲವನ್ನು ಗೊತ್ತುಪಡಿಸಲಾಗಿದೆ. ಒಂದು ಕಡೆ ತುಂಡಾದರೂ ಬೆಳಕು ಇನ್ನೊಂದು ಸುತ್ತಿನಿಂದ ಬಂದು ತಲುಪಬೇಕೆಂಬುದು ಉದ್ದೇಶ. ನಿಮ್ಮೂರಿನ ಸೇವಾದಾರನನ್ನು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿಯೇ ಅಡಗಿದೆ: “ನಿಮಗೆ ಸಂಪರ್ಕ ಬರುವುದು ಒಂದು ದಾರಿಯಿಂದಲೋ, ಎರಡು ದಾರಿಗಳಿಂದಲೋ?”

ಗಾಜಿನಲ್ಲಿ ಬೆಳಕನ್ನು ಬಾಗಿಸಿ ಒಯ್ಯಬಹುದೆಂದು 1950ರ ದಶಕದಲ್ಲಿ ತೋರಿಸಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿಯವರು ಪ್ರಮುಖರು. ಶುದ್ಧ ಗಾಜಿನಲ್ಲಿ ಬೆಳಕು ಬಹುದೂರ ಸಾಗಬಲ್ಲದೆಂದು 1966ರಲ್ಲಿ ವಿವರಿಸಿದ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಬೆಳಕು ಹರಿಯುವ ಒಳದಾರಿಯಂತೂ ಅದಕ್ಕಿಂತ ಬಹಳ ಕಿರಿದು. ಆದ್ದರಿಂದಲೇ ತುಂಡಾದ ಎಳೆಯನ್ನು ತಾಮ್ರದ ತಂತಿಯಂತೆ ಹೊಸೆದು, ಟೇಪು ಸುತ್ತಿ ಸರಿಪಡಿಸಲಾಗದು. ಎರಡು ತುದಿಗಳನ್ನು ನೇರಕ್ಕೆ ಹೊಂದಿಸಿ ಕಾಯಿಸಿ ಬೆಸೆಯುವ ಯಂತ್ರ ಬೇಕು. ಅದನ್ನು ಬಲ್ಲ ಕೆಲಸಗಾರನೂ ಬೇಕು.

ನಮ್ಮ ಕಡೆ ಎಳೆ ಬಹುತೇಕ ಕಂಬದಿಂದ ಕಂಬಕ್ಕೆ ತೂಗಿಕೊಂಡು ಬರುತ್ತದೆ. ತೆಂಗಿನ ಗರಿ ಬೀಳುತ್ತದೆ. ಅಳಿಲು ಕಡಿಯುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಜೋಲುಬಿದ್ದ ಎಳೆಯನ್ನು ಸೆಳೆದುಕೊಂಡೇ ಹೋಗಬಹುದು. ರಸ್ತೆ ಅಗಲೀಕರಣವೆಂದು ಜೇಸಿಬಿ ಬಂದರೆ ನೆಲದೊಳಗಿನ ಎಳೆಗೂ ಉಳಿಗಾಲವಿಲ್ಲ. ಹೀಗಿರುವಾಗ ಬೆಸೆಯುವ ಯಂತ್ರ ತಾಲ್ಲೂಕು ಕೇಂದ್ರದಲ್ಲಿದೆಯೇ, ಮಂಡ್ಯದಲ್ಲಿದೆಯೇ, ಮೈಸೂರಿನಿಂದ ಬರಬೇಕೇ? ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಅರ್ಧ ದಿನದಲ್ಲಿ ಮುಗಿಯುವ ಕೆಲಸ ನಾಗಮಂಗಲದ ಅಥವಾ ಕೃಷ್ಣರಾಜಪೇಟೆಯ ಒಳಹಳ್ಳಿಯ ತೋಟದ ಮನೆಗೆ ಮೂರು ದಿನ ಹಿಡಿಯಬಹುದು. ಮಾರಾಟಕ್ಕೆ ಬಂದ ಯುವಕ ಎಷ್ಟೇ ವಿನಯವಂತನಾಗಿರಲಿ, ಈ ಪ್ರಶ್ನೆಗೆ ಉತ್ತರ ಅವನಿಂದ ಸಿಗುವುದು ಅಪರೂಪ. ಅದೇ ಬೀದಿಯಲ್ಲಿ ಅದೇ ಸೇವೆಯನ್ನು ಒಂದು ಮಳೆಗಾಲವಾದರೂ ಕಂಡಿರುವ ಎರಡು ಮನೆಗಳನ್ನು ಹುಡುಕಿ ಕೇಳಿ. “ಚೆನ್ನಾಗಿದೆಯೇ?” ಎಂದು ಕೇಳಬೇಡಿ, ಎಲ್ಲರೂ “ಪರವಾಗಿಲ್ಲ” ಎಂದೇ ಹೇಳುತ್ತಾರೆ. “ಕಳೆದ ಬಾರಿ ನಿಂತಾಗ ಎಷ್ಟು ದಿನಕ್ಕೆ ಬಂದರು? ರಾತ್ರಿ ಎಂಟರಿಂದ ಹತ್ತರವರೆಗೆ ಹೇಗಿರುತ್ತದೆ?” ಎಂದು ಕೇಳಿ.

ಇನ್ನೊಂದು ಎಚ್ಚರಿಕೆ. ಬಿಲ್ಲಿನ ಮೇಲಿನ ಹೆಸರು ಒಂದು, ಮನೆಗೆ ಬರುವವರು ಇನ್ನೊಬ್ಬರು ಆಗಿರುವುದುಂಟು. ಬಿಎಸ್‌ಎನ್‌ಎಲ್ ಸಂಸ್ಥೆಯ ಫೈಬರ್ ಸೇವೆಯೂ ಅನೇಕ ಕಡೆ ಸ್ಥಳೀಯ ಪಾಲುದಾರರ ಮೂಲಕ ಮನೆ ಮುಟ್ಟುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ; ಊರಿನವನೇ ಆದರೆ ಅನುಕೂಲವೇ ಹೆಚ್ಚು. ಆದರೆ ಸಂಸ್ಥೆಯ ದೂರು ಸಂಖ್ಯೆ, ಪಾಲುದಾರನ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಹಾಗೆಯೇ, ಹೆಸರಿನಲ್ಲಿ ಫೈಬರ್ ಎಂದಿದ್ದ ಮಾತ್ರಕ್ಕೆ ಮನೆಗೆ ಗಾಜಿನ ಎಳೆ ಬರುತ್ತದೆಂದು ತಿಳಿಯಬಾರದು. 2023ರಿಂದ ‘ಏರ್ ಫೈಬರ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿರುವುದು ಮೊಬೈಲ್ ಗೋಪುರದಿಂದ ನಿಸ್ತಂತುವಾಗಿ ಬರುವ ಸೇವೆ. ಎಳೆ ತಲುಪದ ತೋಟದ ಮನೆಗೆ ಅದು ಉಪಯುಕ್ತವೇ; ಆದರೆ ಅದರ ಗುಣಾವಗುಣ ಬೇರೆ. ಗೋಪುರ ಎಷ್ಟು ದೂರದಲ್ಲಿದೆ, ನಡುವೆ ಗುಡ್ಡವೋ ದಟ್ಟ ತೋಪೋ ಇದೆಯೇ ಎಂಬುದರ ಮೇಲೆ ಅದು ನಿಂತಿದೆ.

ಇನ್ನು ಕರೆಂಟಿನ ವಿಚಾರ. ಇದನ್ನು ಹಿರಿಯರಷ್ಟೇ ಇರುವ ಮನೆಗಳು ವಿಶೇಷವಾಗಿ ಗಮನಿಸಬೇಕು. 08236, 08230, 08234 ಎಂಬ ಸಂಖ್ಯೆಗಳ ಕಾಲದ ಹಳೆಯ ದೂರವಾಣಿಗೆ ವಿದ್ಯುತ್ತು ತಾಮ್ರದ ತಂತಿಯಲ್ಲೇ ವಿನಿಮಯ ಕೇಂದ್ರದ ಬ್ಯಾಟರಿಯಿಂದ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಮಾತ್ರ ಜೀವಂತ. ಗಾಜು ಬೆಳಕನ್ನು ಒಯ್ಯುತ್ತದೆ, ವಿದ್ಯುತ್ತನ್ನು ಒಯ್ಯುವುದಿಲ್ಲ. ಮನೆಯ ಕರೆಂಟು ಹೋದೊಡನೆ ಗೋಡೆಯ ಮೇಲಿನ ಪೆಟ್ಟಿಗೆ ಆರುತ್ತದೆ. ಅದಕ್ಕೆ ಜೋಡಿಸಿದ ದೂರವಾಣಿಯೂ ಆರುತ್ತದೆ. ಮೊಬೈಲ್ ಸಂಜ್ಞೆ ಸಿಗದ ಮನೆಯಲ್ಲಿ, ರಾತ್ರಿ ಹೊತ್ತು ಎದೆನೋವೆಂದು ಯಾರನ್ನಾದರೂ ಕರೆಯಬೇಕಾದಾಗ, ಇದು ಸಣ್ಣ ಮಾತಲ್ಲ. ಆದುದರಿಂದ ಸಂಪರ್ಕದ ಜೊತೆಯಲ್ಲೇ ಪೆಟ್ಟಿಗೆಗೆ ಹೊಂದುವ ಪುಟ್ಟ ಬ್ಯಾಟರಿಯೊಂದನ್ನು ಕೊಳ್ಳುವುದು, ಅಥವಾ ಮನೆಯ ಇನ್ವರ್ಟರಿಗೆ ಆ ಪ್ಲಗ್ಗನ್ನು ಸೇರಿಸುವುದು ಅವಶ್ಯಕ. ಅಷ್ಟಕ್ಕೇ ಮುಗಿಯಲಿಲ್ಲ. ಸೇವಾದಾರನ ಕಚೇರಿಯ ಯಂತ್ರಕ್ಕೂ ಕರೆಂಟು ಬೇಕು. “ಐದಾರು ಗಂಟೆ ವಿದ್ಯುತ್ ಇಲ್ಲದಿದ್ದರೆ ನಿಮ್ಮ ಯಂತ್ರ ನಡೆಯುತ್ತದೆಯೇ?” ಎಂದು ಕೇಳಲು ಸಂಕೋಚ ಬೇಡ. ಗಾಜು ಸಿಡಿಲಿನ ವಿದ್ಯುತ್ತನ್ನು ಒಳಗೆ ತರುವುದಿಲ್ಲವೆಂಬುದು ನಿಜ. ಆದರೆ ಪೆಟ್ಟಿಗೆ ವಿದ್ಯುತ್ ತಂತಿಗೆ ಅಂಟಿಕೊಂಡಿರುವುದರಿಂದ ಗುಡುಗಿನ ಹೊತ್ತಿನಲ್ಲಿ ಆ ಪ್ಲಗ್ಗನ್ನು ಕಿತ್ತಿಡುವುದೇ ಕ್ಷೇಮ.

ವೇಗದ ಲೆಕ್ಕಕ್ಕೆ ಬರೋಣ. ಒಂದು ಎಳೆಯ ಬೆಳಕನ್ನು ಬೀದಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ: ಎಲ್ಲರೂ ಒಟ್ಟಿಗೆ ತೂಬು ಎತ್ತಿದರೆ ಪ್ರತಿಯೊಬ್ಬರ ಪಾಲೂ ಇಳಿಯುತ್ತದೆ. ನಾವು ಕಳುಹಿಸುವ ಮಾಹಿತಿಯಂತೂ ಅಕ್ಷರಶಃ ಸರದಿ ನೀರಿನಂತೆ, ಒಂದು ಮನೆಯದಾದ ಮೇಲೆ ಇನ್ನೊಂದು ಮನೆಯದು, ಕ್ಷಣದ ಅತ್ಯಲ್ಪ ಭಾಗಗಳಲ್ಲಿ ಸರದಿ ಕಾಯ್ದು ಹೋಗುತ್ತದೆ. ಕರಪತ್ರದ ‘ಎಂಬಿಪಿಎಸ್’ ಎಂಬುದು ಮೆಗಾಬಿಟ್. ಕಡತಗಳ ಗಾತ್ರವನ್ನು ಅಳೆಯುವ ಮೆಗಾಬೈಟ್ ಅದರ ಎಂಟು ಪಟ್ಟು. ಎಂದರೆ 30 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ನಾಲ್ಕು ಮೆಗಾಬೈಟ್ ಕೂಡ ಬರುವುದಿಲ್ಲ. ಆದರೆ ಸ್ಪಷ್ಟವಾದ ಚಲನಚಿತ್ರಕ್ಕೆ 5 ಎಂಬಿಪಿಎಸ್ ಸಾಕು. ಆದ್ದರಿಂದ ನಾಲ್ಕೈದು ಜನರ ಮನೆಗೆ 30ರ ಯೋಜನೆ ಸಾಮಾನ್ಯವಾಗಿ ಧಾರಾಳ. ಮಗ ಮನೆಯಿಂದ ಕಚೇರಿ ಕೆಲಸ ಮಾಡುವವನಾದರೆ ಕಳುಹಿಸುವ ವೇಗ ಎಷ್ಟೆಂದು ಪ್ರತ್ಯೇಕವಾಗಿ ಕೇಳಿ; ಕರಪತ್ರಗಳು ಅದನ್ನು ಹೇಳದೆ ಬಿಡುವುದುಂಟು. ‘ಅನಿಯಮಿತ’ ಎಂಬ ಪದಕ್ಕೂ ಒಂದು ನಕ್ಷತ್ರಚಿಹ್ನೆ ಅಂಟಿರುತ್ತದೆ. ತಿಂಗಳಿಗೆ 3300 ಜಿಬಿ ಎಂಬ ಮಿತಿಯಿದ್ದರೆ ಚಿಂತೆ ಬೇಡ, ಗಂಟೆಗೆ 3 ಜಿಬಿಯಂತೆ ಹಗಲಿರುಳು ಟಿವಿ ನೋಡಿದರೂ ಅದು ಮುಗಿಯದು. ನೂರಿನ್ನೂರು ಜಿಬಿಯ ಮಿತಿಯಾದರೆ, ಅದು ಮೀರಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆಂದು ಕೇಳಲೇಬೇಕು.

ಹಳೆಯ ತೊಟ್ಟಿಮನೆಗಳಲ್ಲಿ ಮೊಳದಗಲದ ಮಣ್ಣಿನ ಗೋಡೆಗಳಿರುತ್ತವೆ. ಹೊರಜಗುಲಿಯಲ್ಲಿ ಪೆಟ್ಟಿಗೆ ಇಟ್ಟರೆ ಅಡುಗೆಮನೆಗೆ ವೈಫೈ ತಲುಪದು, ದೋಷ ಸೇವಾದಾರನದಲ್ಲ. ಕೆಲಸಗಾರ ಬಂದ ದಿನವೇ ಪೆಟ್ಟಿಗೆಯನ್ನು ನಡುಮನೆಯಲ್ಲಿ ಎತ್ತರದ ಜಾಗದಲ್ಲಿ ಇಡಿಸಿ. ಎಳೆಯನ್ನು ಬಾಗಿಲ ಸಂದಿಯಲ್ಲಿ ಮಡಿಸಿ ತರಲು ಬಿಡಬೇಡಿ. ಮಡಿಕೆಯಲ್ಲಿ ಬೆಳಕು ಸೋರಿಹೋಗುತ್ತದೆ. ಅವನ ಬಳಿಯಿರುವ ಅಳತೆಯ ಉಪಕರಣದಲ್ಲಿ ಬೆಳಕಿನ ಬಲ ಎಷ್ಟು ತೋರಿಸುತ್ತದೆಂದು ನೋಡಿ, ಅರ್ಜಿಯ ಹಿಂದೆ ಬರೆಸಿಕೊಳ್ಳಿ. ಮೈನಸ್ ಇಪ್ಪತ್ತರ ಆಸುಪಾಸು ಉತ್ತಮ. ಮೈನಸ್ 27ರ ಹತ್ತಿರವಿದ್ದರೆ ಸಂಪರ್ಕ ಪದೇ ಪದೇ ಕಡಿಯುವ ಸಂಭವವುಂಟು. ಮುಂದೆ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬಲ್ಲಿ ಕೆಂಪು ದೀಪ ಮಿನುಗಿದರೆ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಆಗ ಪೆಟ್ಟಿಗೆಯನ್ನು ಆರಿಸಿ ಹೊತ್ತಿಸುತ್ತ ಕೂರದೆ ನೇರವಾಗಿ ದೂರು ಕೊಡಿ.

ಹಣದ ಮಾತು ಬೇಗ ಮುಗಿಯುವಂಥದು. ಕರಪತ್ರದಲ್ಲಿ 499 ರೂಪಾಯಿ ಎಂದಿದ್ದರೆ ಶೇಕಡಾ 18ರ ಜಿಎಸ್‌ಟಿ ಸೇರಿ ಕೈಬಿಡುವುದು 589. ವರ್ಷದ ಹಣ ಮುಂಗಡ ಕೊಟ್ಟರೆ ಪೆಟ್ಟಿಗೆ ಉಚಿತ, ಜೋಡಣೆ ಉಚಿತ ಎಂಬ ಆಮಿಷಕ್ಕೆ ಹೊಸ ಸೇವಾದಾರನ ವಿಷಯದಲ್ಲಿ ಒಳಗಾಗದಿರುವುದು ಮೇಲು. ಮೊದಲ ಮೂರು ತಿಂಗಳು ತಿಂಗಳಿಗಿಷ್ಟೆಂದು ಕಟ್ಟಿ ನೋಡಿ. ಕೊಂಚ ಹೆಚ್ಚು ತೆತ್ತರೂ ನಷ್ಟವಿಲ್ಲ. ಮನೆಯಲ್ಲಿ ಹಳೆಯ ಬಿಎಸ್‌ಎನ್‌ಎಲ್ ಸ್ಥಿರ ದೂರವಾಣಿ ಇದ್ದರೆ, ಆ ಸಂಖ್ಯೆಯನ್ನೇ ಸಂಸ್ಥೆಯ ಫೈಬರ್ ಸಂಪರ್ಕಕ್ಕೆ ಉಳಿಸಿಕೊಳ್ಳುವ ಅವಕಾಶವಿದೆ. ಬಂಧುಬಳಗಕ್ಕೆಲ್ಲ ಬಾಯಿಪಾಠವಾಗಿರುವ ಸಂಖ್ಯೆಯನ್ನು ಒಪ್ಪಿಸಿಬಿಡುವ ಮೊದಲು ಇದನ್ನು ವಿಚಾರಿಸಿ.

ಪ್ರತಿಯೊಂದು ದೂರಿಗೂ ಸಂಖ್ಯೆ ಪಡೆಯಿರಿ. ದೂರು ಬಗೆಹರಿಯದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬಿಡಿ ಗ್ರಾಹಕರ ದೂರುಗಳನ್ನು ತಾನೇ ವಿಚಾರಣೆ ಮಾಡುವುದಿಲ್ಲ. ಆದರೆ ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ನ್ಯಾಯಾಲಯಗಳು ಆಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಮಂಡ್ಯದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ತೆತ್ತ ಮೊತ್ತ 5 ಲಕ್ಷ ರೂಪಾಯಿಯವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವಿಲ್ಲ. ಅಲ್ಲಿಗೆ ಹೋಗಬೇಕಾದರೆ ಕೈಯಲ್ಲಿ ಕಾಗದವಿರಬೇಕು: ಸಹಿ ಹಾಕಿದ ಅರ್ಜಿಯ ಪ್ರತಿ, ಹಣ ಕಟ್ಟಿದ ರಶೀದಿ, ದೂರಿನ ಸಂಖ್ಯೆಗಳು, ಠೇವಣಿ ಕೊಟ್ಟಿದ್ದರೆ ಅದರ ಚೀಟಿ. ಸೇವೆ ಬೇಡವೆಂದು ಪೆಟ್ಟಿಗೆಯನ್ನು ಹಿಂದಿರುಗಿಸುವ ದಿನ, ಅದರ ತಳದಲ್ಲಿ ಅಚ್ಚಾಗಿರುವ ಕ್ರಮಸಂಖ್ಯೆಯನ್ನು ನಮೂದಿಸಿದ ಸ್ವೀಕೃತಿಪತ್ರ ಪಡೆಯದೆ ಅದನ್ನು ಯಾರ ಕೈಗೂ ಕೊಡಬೇಡಿ.