ಹದಿನಾರು ಮಿಲಿಮೀಟರಿನ ಅಂತರ

ಖಡಕಿಯಲ್ಲಿ ಲೇಥಿನ ಮೇಲೆ ಕೈ ಪಳಗಿದವರಿಗೆ ಬರವಿಲ್ಲ. 1869ರಲ್ಲಿ ಆರಂಭವಾದ ಮದ್ದುಗುಂಡು ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಊರಿದು. ಆಚೆಗೆ ಪಿಂಪ್ರಿ, ಭೋಸರಿಗಳ ಸಣ್ಣ ವರ್ಕ್‌ಶಾಪುಗಳು. ಹಳೆಯ ಕ್ಯಾಮೆರಾಗಳ ಹುಚ್ಚು ಹತ್ತಿದ ನಮ್ಮ ಕಿರಿಯ ಮಿತ್ರರು ಪುಣೆಯ ಜುನಾ ಬಾಜಾರಿನಲ್ಲಿ ಸೋವಿಯತ್ ಲೆನ್ಸೊಂದನ್ನು ಕೊಂಡರೂ, ಊರಿನ ಮನೆಯ ಟ್ರಂಕಿನಿಂದ ಅಜ್ಜನ ಲೆನ್ಸನ್ನು ತಂದರೂ, ಅದನ್ನು ತಮ್ಮ ಎಸ್‌ಎಲ್‌ಆರ್‌ಗೆ ಕೂಡಿಸಿಕೊಡೆಂದು ಮರುವಾರವೇ ಯಾವನಾದರೂ ಟರ್ನರನ ಬಳಿ ನಿಲ್ಲುತ್ತಾರೆ. ಉಂಗುರ ಮಾಡಿಸುವುದಾದರೆ ನಮ್ಮ ತಕರಾರಿಲ್ಲ. ಲೆನ್ಸನ್ನೇ ಕೊಯ್ಯಿಸುವುದಕ್ಕೆ ಮಾತ್ರ ನಮ್ಮ ಸ್ಪಷ್ಟ ವಿರೋಧವಿದೆ.

ಕಾರಣ ಸರಳ. ಪ್ರತಿಯೊಂದು ಲೆನ್ಸೂ ಫಿಲ್ಮಿನಿಂದ ಇಂತಿಷ್ಟೇ ದೂರದಲ್ಲಿ ಕೂರಬೇಕೆಂದು ರಚಿತವಾಗಿರುತ್ತದೆ. ಲೈಕಾದ ಹಳೆಯ ತಿರುಪಿನ ಲೆನ್ಸುಗಳಿಗೆ ಈ ದೂರ 28.8 ಮಿಲಿಮೀಟರ್, ಲೈಕಾ ಎಂ ಮಾದರಿಗೆ 27.8. ಎಸ್‌ಎಲ್‌ಆರ್‌ನಲ್ಲಾದರೋ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿಯೊಂದು ಏಳಬೇಕು, ಬೀಳಬೇಕು. ಆ ಕುಣಿತಕ್ಕೆ ಜಾಗ ಬೇಕಾದ್ದರಿಂದ ನಿಕಾನ್ ಎಫ್‌ನಲ್ಲಿ ಈ ದೂರ 46.5, ಕ್ಯಾನನ್ ಇಎಫ್‌ನಲ್ಲಿ 44. ಅಂದರೆ ರೇಂಜ್‌ಫೈಂಡರ್ ಲೆನ್ಸು ದೂರದ ಬೆಟ್ಟವನ್ನು ಸ್ಪಷ್ಟವಾಗಿ ಕಾಣಬೇಕಾದರೆ ಕ್ಯಾಮೆರಾದ ಒಡಲೊಳಗೆ, ಕನ್ನಡಿಯ ಜಾಗದಲ್ಲೇ ಹೋಗಿ ಕೂರಬೇಕು. ಎಂಥ ಕುಶಲ ಟರ್ನರನೂ ಇಲ್ಲದ ಜಾಗವನ್ನು ಕೊರೆದು ತರಲಾರ. ಕನ್ನಡಿಯನ್ನು ಮೇಲಕ್ಕೆತ್ತಿ ಕಟ್ಟಿಹಾಕಬಹುದು ಎನ್ನುವವರಿದ್ದಾರೆ; ಆಗ ವ್ಯೂಫೈಂಡರ್ ಕತ್ತಲಾಗುತ್ತದೆ, ಎಸ್‌ಎಲ್‌ಆರ್ ಇಟ್ಟುಕೊಂಡ ಸುಖವೇನು?

ಹೆಚ್ಚಿನವರು ಮೋಸಹೋಗುವುದು ತಿರುಪಿನಿಂದ. 1952ರಲ್ಲಿ ಕ್ರಾಸ್ನಗೋರ್ಸ್ಕ್ ಕಾರ್ಖಾನೆಯು ತನ್ನ ಜೋರ್ಕಿ ರೇಂಜ್‌ಫೈಂಡರನ್ನೇ ಆಧರಿಸಿ ಜೆನಿಟ್ ಎಂಬ ಎಸ್‌ಎಲ್‌ಆರ್ ಮಾಡಿತು. 39 ಮಿಲಿಮೀಟರಿನ ತಿರುಪನ್ನು ಹಾಗೇ ಉಳಿಸಿಕೊಂಡು ದೂರವನ್ನು ಮಾತ್ರ 45.2ಕ್ಕೆ ಏರಿಸಿತು. ಜೋರ್ಕಿಯ ಜುಪಿಟರ್-8 ಜೆನಿಟ್‌ಗೆ ನೆಂಟನಂತೆ ಸಲೀಸಾಗಿ ತಿರುಗಿ ಕೂರುತ್ತದೆ, ಆದರೆ 16.4 ಮಿಲಿಮೀಟರ್ ಹೊರಗೆ. ಅದರ ಕಣ್ಣಿಗೆ ಆಗ ಸುಮಾರು ಒಂದು ಗೇಣು ದೂರದ್ದಷ್ಟೇ ಕಾಣುತ್ತದೆ. ಜುಪಿಟರ್-12ರ ಕಥೆ ಇನ್ನೂ ಕಷ್ಟದ್ದು. ಅದರ ಹಿಂಬದಿಯ ಗಾಜು ಎಷ್ಟು ಉಬ್ಬಿ ಬಂದಿದೆಯೆಂದರೆ ಕನ್ನಡಿ ಅದಕ್ಕೆ ತಾಗುತ್ತದೆ. ಜುಪಿಟರ್-11ರಲ್ಲಿ ಎರಡೂ ಬಗೆಯವು ಇವೆ, ಹೆಸರು ಮಾತ್ರ ಒಂದೇ. ಕೊಳ್ಳುವವರು ಹಿಂಭಾಗವನ್ನು ತಿರುಗಿಸಿ ನೋಡಬೇಕು. ಫೋಕಸ್ ಮಾಡಿದಂತೆ ಹಿಂದುಮುಂದೆ ಸರಿದು ಕ್ಯಾಮೆರಾದ ಸನ್ನೆಯನ್ನು ತಳ್ಳುವ ಒಳ ಉಂಗುರವಿದ್ದರೆ ಅದು ರೇಂಜ್‌ಫೈಂಡರಿನದು.

ಲೇಥಿಗೆ ಮೊದಲು ಬಲಿಯಾಗುವುದು ಈ ಒಳ ಉಂಗುರವೇ. ಒಮ್ಮೆ ಕೊಯ್ದರೆ ಲೆನ್ಸು ಎಸ್‌ಎಲ್‌ಆರ್‌ಗೂ ಒಗ್ಗುವುದಿಲ್ಲ, ತನ್ನ ಹುಟ್ಟಿದ ಕ್ಯಾಮೆರಾಕ್ಕೂ ಮರಳುವುದಿಲ್ಲ.

ಗಾಜಿರುವ ಅಡಾಪ್ಟರುಗಳ ಬಗ್ಗೆಯೂ ನಮಗೆ ಒಲವಿಲ್ಲ. ಅವು ಬೆಳಕನ್ನು ಕುಗ್ಗಿಸುತ್ತವೆ, ನಾಭಿದೂರವನ್ನು ಹಿಗ್ಗಿಸುತ್ತವೆ, ಚಿತ್ರದ ಮೂಲೆಗಳನ್ನು ಕಲಕುತ್ತವೆ. ಯಾವ ಗುಣಕ್ಕೆ ಮನಸೋತು ಹಳೆಯ ಲೆನ್ಸನ್ನು ಕೊಂಡೆವೋ ಅದನ್ನೇ ಅಳಿಸುತ್ತವೆ.

ಇದಕ್ಕೊಂದು ಅಪವಾದವಿದೆ. ಲೈಕಾದವರು ತಮ್ಮ ರೇಂಜ್‌ಫೈಂಡರಿಗೆ ವೈಸೊಫ್ಲೆಕ್ಸ್ ಎಂಬ ಕನ್ನಡಿಪೆಟ್ಟಿಗೆಯನ್ನು ಮಾಡಿದ್ದರು. ಅದರ ಎರಡನೆಯ, ಮೂರನೆಯ ಮಾದರಿಗಳಿಗೆಂದು ರೂಪಿಸಿದ ನೀಳ ಲೆನ್ಸುಗಳು ಫಿಲ್ಮಿನಿಂದ 68.8 ಮಿಲಿಮೀಟರ್ ದೂರ ಕೂರುವಂಥವು. ನಿಕಾನಿಗೆ ಕೂಡಿಸುವಾಗಲೂ ಇಪ್ಪತ್ತೆರಡು ಮಿಲಿಮೀಟರಿನಷ್ಟು ಜಾಗ ಉಳಿಯುತ್ತದೆ. ನಮ್ಮ ಟರ್ನರುಗಳ ಜಾಣ್ಮೆ ಸಲ್ಲಬೇಕಾದದ್ದು ಇಂಥ ಉಂಗುರಕ್ಕೆ.

ಉಳಿದ ಲೆನ್ಸುಗಳನ್ನು ಟ್ರಂಕಿನಲ್ಲೇ ಕೊಳೆಯಬಿಡಬೇಕೆ ಎಂದು ಕೇಳುವವರ ಅಸಮಾಧಾನ ನಮಗೆ ಅರ್ಥವಾಗುತ್ತದೆ. ಪರನಾಡಿನ ಎರಡು ಕೋಣೆಯ ಮನೆಗೆ ಅಜ್ಜನ ವಸ್ತುಗಳಲ್ಲಿ ಒಂದೋ ಎರಡೋ ಬರುತ್ತವೆ. ಬಂದದ್ದು ಬಳಕೆಯಾಗಲೆಂಬ ಆಸೆ ಸಹಜ. ಕನ್ನಡಿಯಿಲ್ಲದ ಕ್ಯಾಮೆರಾಗಳು ಬಂದ ಮೇಲೆ ಆ ಆಸೆಗೆ ದಾರಿಯೂ ತೆರೆದಿದೆ. ಸೋನಿ ಇ ಮಾದರಿಯಲ್ಲಿ ದೂರ 18 ಮಿಲಿಮೀಟರ್, 2018ರ ನಿಕಾನ್ ಝಡ್‌ನಲ್ಲಿ 16. ಬರಿಯ ಲೋಹದ ಉಂಗುರ ಸಾಕು. ಅಂಥ ಕ್ಯಾಮೆರಾ ಕೊಳ್ಳುವ ಅನುಕೂಲ ಸದ್ಯಕ್ಕಿಲ್ಲದವರು ಆ ಒಂದು ಗೇಣಿನ ದೂರವನ್ನೇ ಒಪ್ಪಿಕೊಳ್ಳಲಿ. ಜೆನಿಟ್‌ನ ಮೇಲೆ ಐವತ್ತರ ಜುಪಿಟರ್ ಸುಮಾರು 7 ಸೆಂಟಿಮೀಟರ್ ಅಗಲ, 11 ಸೆಂಟಿಮೀಟರ್ ಉದ್ದದ ಜಾಗವನ್ನು ಚೌಕಟ್ಟಿನ ತುಂಬ ತರುತ್ತದೆ. ಅಂಚೆಕಾರ್ಡಿಗಿಂತ ತುಸು ಚಿಕ್ಕದು. ಅಜ್ಜನ ಕೈಬರಹದ ಕೆಲವು ಸಾಲುಗಳಿಗೆ ಧಾರಾಳವಾಯಿತು.