ಅದೇ ಪಾಠ, ಅದೇ ದಿನಚರಿ: ನೋಡುವವರು ಯಾರು?

ಇಂಟರ್ನ್‌ಶಿಪ್‌ನ ಎಂಟನೆಯ ವಾರ. ಎಂಟನೆಯ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠವನ್ನು ಒಂದೇ ದಿನ ಎರಡು ಬಾರಿ ಮಾಡಿದೆ. ಬೆಳಿಗ್ಗೆ ‘ಎ’ ವಿಭಾಗಕ್ಕೆ, ಮಧ್ಯಾಹ್ನ ‘ಬಿ’ ವಿಭಾಗಕ್ಕೆ. ಕಾಗದದ ಲೋಟದಲ್ಲಿ ನೀರು ಹಾಕಿ ಮೇಣದಬತ್ತಿಯ ಮೇಲೆ ಹಿಡಿದರೆ ನೀರು ಬಿಸಿಯಾಗುತ್ತದೆ, ಲೋಟ ಹೊತ್ತಿಕೊಳ್ಳುವುದಿಲ್ಲ. ‘ಎ’ ವಿಭಾಗದ ಮಕ್ಕಳು ಚಪ್ಪಾಳೆ ತಟ್ಟಿದರು. ಮಧ್ಯಾಹ್ನವೂ ಅದೇ ಪ್ರಯೋಗ, ಅದೇ ಪ್ರಶ್ನೆಗಳು, ಅದೇ ಕಪ್ಪುಹಲಗೆ ಸಾರಾಂಶ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಮಿಸ್, ನೀರಿನ ಬದಲು ಎಣ್ಣೆ ಹಾಕಿದ್ರೆ?”

“ಅದು ಪಾಠದಲ್ಲಿಲ್ಲ, ಆಮೇಲೆ ನೋಡೋಣ” ಎಂದು ಮುಂದಕ್ಕೆ ಹೋದೆ. ಸಂಜೆ ದಾಖಲೆ ಪುಸ್ತಕದ ಪ್ರತಿಫಲನದ ಕಾಲಂನಲ್ಲಿ ಎರಡೂ ತರಗತಿಗಳಿಗೆ ಒಂದೇ ವಾಕ್ಯ ಬರೆದೆ: “ಬೋಧನಾ ಉದ್ದೇಶಗಳು ಈಡೇರಿದವು.”

ಮೊದಲ ವಾರ ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿತ್ತು. ಎಂಟನೆಯ ವಾರಕ್ಕೆ ಎಲ್ಲವೂ ಹಿತವಾಗಿತ್ತು. ಈ ಹಿತವೇ ನನ್ನನ್ನು ಯೋಚನೆಗೆ ಹಚ್ಚಿತು. ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಟಿಇಟಿ ಮುಗಿಸು, ಸರ್ಕಾರಿ ಕೆಲಸ ಹಿಡಿ, ಪ್ರಾರ್ಥನೆಯ ಗಂಟೆಯಿಂದ ಕೊನೆಯ ಗಂಟೆಯವರೆಗೆ ಕೆಲಸ, ತಿಂಗಳಿಗೆ ಸಂಬಳ, ಇನ್ನೇನು ಬೇಕು? ಗೆಳತಿಯರಲ್ಲಿ ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ. ಮೂವತ್ತು ವರ್ಷ ಅದೇ ಪಾಠ ಮಾಡುವುದು ಗಾಣದೆತ್ತಿನ ಬದುಕು ಎನ್ನುತ್ತಾರೆ.

ಮೂಗು ಮುರಿಯುವುದು ನನಗೆ ಒಪ್ಪಿಗೆಯಿಲ್ಲ. ನಾಳೆ ಕೂಲಿ ಸಿಗುತ್ತದೋ ಇಲ್ಲವೋ ಎಂದು ಮಲಗುವವರಿಗೆ ನಿಶ್ಚಿತವಾದ ಒಂದು ದಿನಚರಿಯೇ ದೊಡ್ಡ ಭಾಗ್ಯ. ನಮ್ಮ ಶಾಲೆಯ ಮಕ್ಕಳಿಗೂ ಅಷ್ಟೆ. ಸಮಯಕ್ಕೆ ಬಾರಿಸುವ ಗಂಟೆ, ಸಮಯಕ್ಕೆ ಬರುವ ಬಿಸಿಯೂಟ, ದಿನವೂ ಕಾಣುವ ಅದೇ ಮುಖದ ಮೇಷ್ಟ್ರು ಅವರಿಗೆ ಧೈರ್ಯ ಕೊಡುತ್ತಾರೆ. ವಿಲಿಯಂ ಜೇಮ್ಸ್ 1899ರಲ್ಲಿ ಪ್ರಕಟವಾದ ‘ಟಾಕ್ಸ್ ಟು ಟೀಚರ್ಸ್’ನಲ್ಲಿ ಶಿಕ್ಷಕರಿಗೆ ಹೇಳಿದ್ದೂ ಇದನ್ನೇ: ನಿತ್ಯದ ಸಣ್ಣಪುಟ್ಟ ಕೆಲಸಗಳನ್ನು ಅಭ್ಯಾಸಕ್ಕೆ ಒಪ್ಪಿಸಿದಷ್ಟೂ ಮನಸ್ಸು ಮೇಲಿನ ಕೆಲಸಕ್ಕೆ ಬಿಡುವಾಗುತ್ತದೆ. ಆದರೆ ಆ ಮಧ್ಯಾಹ್ನ ನನ್ನ ಮನಸ್ಸಿಗೆ ಬಿಡುವಿತ್ತು, ಅದು ಯಾವ ಮೇಲಿನ ಕೆಲಸವನ್ನೂ ಮಾಡಲಿಲ್ಲ. ಸುಮ್ಮನೆ ನಿದ್ದೆ ಹೋಗಿತ್ತು.

ನಮ್ಮಪ್ಪ ದಿನಾ ಬೆಳಿಗ್ಗೆ ಐದಕ್ಕೆ, ಸಂಜೆ ಐದಕ್ಕೆ ಹಾಲು ಕರೆದು ಡೈರಿಗೆ ಹಾಕುತ್ತಾರೆ. ಹಬ್ಬಕ್ಕೂ ರಜೆಯಿಲ್ಲ. ಇದಕ್ಕಿಂತ ಒಂದೇ ತೆರನಾದ ಬದುಕು ನಾನು ಕಂಡಿಲ್ಲ. ಆದರೂ ಹಸು ಮೆಲುಕು ಹಾಕುವುದು ಸ್ವಲ್ಪ ಕಡಿಮೆಯಾದರೆ, ಯಾರೂ ಗಮನಿಸುವ ಮೊದಲೇ ಅವರಿಗೆ ತಿಳಿಯುತ್ತದೆ. ಹೇಗೆಂದು ಕೇಳಿದೆ. “ದಿನಾ ಅದೇ ಹೊತ್ಗೆ ನೋಡ್ತೀನಲ್ಲ, ಅದ್ಕೇ ಗೊತ್ತಾಯ್ತದೆ ಕಣವ್ವ” ಎಂದರು.

ವಿಜ್ಞಾನದ ವಿದ್ಯಾರ್ಥಿನಿಯಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಪ್ರಯೋಗಶಾಲೆಯಲ್ಲಿ ಉಳಿದೆಲ್ಲ ಅಂಶಗಳನ್ನು ಸ್ಥಿರವಾಗಿಟ್ಟರೆ ಮಾತ್ರ ಒಂದು ಅಂಶದ ಬದಲಾವಣೆ ಕಾಣುತ್ತದೆ. ದಿನಚರಿಯೂ ಹಾಗೆಯೇ. ಪಾಠ, ಗಂಟೆ, ಕೊಠಡಿ ಬದಲಾಗದೆ ಇರುವುದರಿಂದಲೇ ಇಂದು ಯಾವ ಮಗು ಮಂಕಾಗಿದೆ, ಯಾವ ಮಗು ಹೊಸದೊಂದು ಕೇಳಿತು ಎಂಬುದು ಎದ್ದು ಕಾಣಬೇಕು. ಆದರೆ ಪ್ರಯೋಗವನ್ನು ಹೂಡಿ ಫಲಿತಾಂಶ ನೋಡದೆ ಎದ್ದು ಹೋದರೆ ಅದು ಪ್ರಯೋಗವಲ್ಲ. ದಿನಚರಿ ನೆಮ್ಮದಿ ಕೊಡಬಲ್ಲದು. ತೃಪ್ತಿ ಬರುವುದು ಅದರೊಳಗೆ ಕಣ್ಣು ತೆರೆದು ನಿಂತಾಗ.

ಮರುದಿನ ‘ಬಿ’ ವಿಭಾಗಕ್ಕೆ ಹೋಗಿ ಆ ಹುಡುಗನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ. ಎಣ್ಣೆಯ ಪ್ರಯೋಗ ಅಪಾಯ, ಹಾಗಾಗಿ ಯೋಚಿಸಿಯೇ ಉತ್ತರ ಹುಡುಕಿ ಎಂದೆ. ಒಬ್ಬ ಹುಡುಗಿ ಎದ್ದು, “ಪೂರಿ ಕರಿಯೋವಾಗ ನೀರಿನ ಹನಿ ಬಿದ್ರೆ ಚಟಚಟ ಅಂತದೆ ಮಿಸ್, ಎಣ್ಣೆ ನೀರಿಗಿಂತ ಜಾಸ್ತಿ ಕಾಯ್ತದೆ” ಎಂದಳು. ಅಲ್ಲಿಂದ ದಾರಿ ಸುಲಭವಾಯಿತು. ನೀರು ಸುಮಾರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಅದಕ್ಕಿಂತ ಮೇಲೆ ಏರುವುದಿಲ್ಲ. ಕಾಗದದ ಜ್ವಲನ ತಾಪ 200 ಡಿಗ್ರಿಗಿಂತ ಹೆಚ್ಚು. ಎಣ್ಣೆಯಾದರೆ ಕಾಯಿಸುತ್ತ ಹೋದಂತೆ ಅದನ್ನೂ ಮೀರಬಹುದು. ಪಾಠದಲ್ಲಿಲ್ಲ ಎಂದು ನಾನು ತಳ್ಳಿಹಾಕಿದ ಪ್ರಶ್ನೆಯೇ ಪಾಠದ ತಿರುಳಾಗಿತ್ತು. ಅದನ್ನು ‘ಎ’ ವಿಭಾಗಕ್ಕೂ ಒಯ್ದೆ.

ಒಂದು ಸಲಹೆಯೊಂದಿಗೆ ಮುಗಿಸುತ್ತೇನೆ. ಒಂದೇ ಪಾಠವನ್ನು ಎರಡು ವಿಭಾಗಗಳಿಗೆ ಮಾಡಿದಾಗ, ಪ್ರತಿಫಲನದ ಕಾಲಂನಲ್ಲಿ ‘ಎರಡರಲ್ಲಿ ಏನು ಬೇರೆಯಾಗಿತ್ತು?’ ಎಂಬ ಒಂದೇ ಪ್ರಶ್ನೆಗೆ ಉತ್ತರ ಬರೆಯುವಂತೆ ನಮ್ಮ ಉಪನ್ಯಾಸಕರು ಕೇಳಲಿ. ‘ಏನೂ ಇಲ್ಲ’ ಎಂದು ಬರೆಯಬೇಕಾಗಿ ಬಂದರೆ, ಆ ದಿನ ನಾವು ತರಗತಿಯಲ್ಲಿ ಇರಲಿಲ್ಲ ಎಂದೇ ಅರ್ಥ.